ಸೈಕಲ್ ಮೇಲೊಂದು ಹರಕೆ

ಮೊನ್ನೆ ಬಳ್ಳಾರಿಯ ಗಾಂಧಿನಗರದ ತಿರುವಿನಲ್ಲಿ ಪರಿಚಯದ ಮೇಷ್ಟ್ರೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ನಾನು ಸೈಕಲ್ ಮೇಲಿದ್ದೆ. ಅವರು ನನ್ನ ಭುಜದ ಮೇಲೆ ಕೈಯಿಟ್ಟು, ದನಿ ತಗ್ಗಿಸಿ ಕೇಳಿದರು: "ಫೈನಾನ್ಸಿನವ್ರು ಗಾಡಿ ಎತ್ಕೊಂಡು ಹೋದ್ರೇನಪಾ?"

ಇಲ್ಲ ಅಂದೆ. ನಂಬಲಿಲ್ಲ. "ಇರ್ಲಿ, ಮನಸಿಗೆ ಹಚ್ಕೋಬ್ಯಾಡ" ಎಂದು ಬೆನ್ನು ತಟ್ಟಿ ಹೋದರು.

ಅವರ ತಪ್ಪೇನೂ ಇಲ್ಲ ಬಿಡಿ. ನಿನ್ನೆ ಮೊಪೆಡ್ ಒದೆಯುತ್ತಿದ್ದವನು ಇವತ್ತು ಓಣಿಯಲ್ಲಿ ಹಿಡಿಯದ ಕಾರಿನಿಂದ ಇಳಿಯುವ ಕಾಲ ಇದು. ಅದಿರು ಚೀನಾಕ್ಕೆ ಹೋಗುತ್ತದೆ, ಕೆಂಪು ಧೂಳು ನಮ್ಮ ಅಂಗಿಗೆ ಉಳಿಯುತ್ತದೆ. ಇಂಥ ಬಳ್ಳಾರಿಯಲ್ಲಿ ಕೈಕಾಲು ಗಟ್ಟಿಯಿರುವ ಹುಡುಗ ಸೈಕಲ್ ತುಳಿಯುತ್ತಿದ್ದಾನೆ ಎಂದರೆ ಅವನ ಮನೆಯಲ್ಲಿ ಏನೋ ಆಗಿರಲೇಬೇಕಲ್ಲವೇ?

ಆಗಿದ್ದು ನಮ್ಮ ಮನೆಯಲ್ಲಲ್ಲ, ಕುರುಗೋಡಿನಲ್ಲಿ. ಅಲ್ಲಿರುವ ನನ್ನ ಅಕ್ಕನಿಗೆ ಜಂಪರು ಹೊಲಿದುಕೊಡುವವಳು ಖಾಸಿಂಬಿ. ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಅವಳ ಎರಡೂ ಕಾಲುಗಳಲ್ಲಿ ಶಕ್ತಿಯಿಲ್ಲ. ಹೊಲಿಗೆ ಮಷೀನಿಗೆ ಮೋಟರ್ ಕೂಡಿಸಿಕೊಂಡಿದ್ದಾಳೆ. ಆದರೆ ಮನೆಯಿಂದ ಅಂಗಡಿಗೆ ಬರಲು ತಮ್ಮನ ಸ್ಕೂಟರೇ ಗತಿ. ಅವನಿಗೆ ಬಿಡುವಾದಾಗ ಇವಳ ಬಾಗಿಲು ತೆರೆಯಬೇಕು.

"ಎಲ್ಲಾರೂ ಅಂಗಡಿ ಮುಂದ ಟೈಮ್ ಬರದಿರ್ತಾರ. ನಾ ಏನು ಬರೀಲಿ? 'ತಮ್ಮ ಬಂದಾಗ' ಅಂತ ಬರೀಲೇನು?" ಎಂದು ಒಮ್ಮೆ ನಕ್ಕಿದ್ದಳು. ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲೊಂದು ಸಿಕ್ಕರೆ ಸಾಕು, ಅಂಗಡಿ ಅವಳ ಟೈಮಿಗೆ ತೆರೆಯುತ್ತದೆ.

ಇದನ್ನು ನಮ್ಮ ಮನೆ ಮಾಲೀಕ ಪಂಪಣ್ಣನವರಿಗೆ ಹೇಳಿದೆ. ಅವರ ಲಾರಿಗಳು ಅದಿರು ಹೊರುತ್ತವೆ. (ಎಷ್ಟು ಲಾರಿ ಎಂದು ಎರಡು ಸಲ ಡೈರಿಯಲ್ಲಿ ಬರೆದೆ, ಎರಡು ಸಲವೂ ತಿಂಗಳೊಳಗೆ ತಿದ್ದಬೇಕಾಯಿತು.) ಅವರು ಮೀಸೆ ತಿರುವಿದರು.

"ದೊಡ್ಡ ದೊಡ್ಡ ಊರಾಗ ದಾನಕ್ಕ ಸೈಕಲ್ ಹೊಡಿತಾರಂತ. ಚಾರಿಟಿ ರೈಡು. ನೀನೂ ಹೊಡಿ, ಗಾಡಿ ನಾ ಕೊಡಸ್ತೀನಿ."

"ಕುರುಗೋಡಿನ ತನಕ ಹೊಡೀಲೇನ್ರಿ?"

"ಏ, ಕುರುಗೋಡಿಗೆ ಹಾಲು ಹಾಕಾವನೂ ಹೋಗ್ತಾನ! ಸಿರುಗುಪ್ಪ ಮುಟ್ಟಿ, ಅಲ್ಲಿ ನಮ್ಮ ಭಾವನ ರೈಸ್‌ಮಿಲ್ಲಿನಾಗ ಸಹಿ ಹಾಕಿಸ್ಕೊಂಡು, ತಿರುಗಿ ಕುರುಗೋಡಿಗೆ ಬಾ. ಒಂದ ದಿನದಾಗ. ನಡುವ ಯಾವ್ದರ ಗಾಡಿ ಹತ್ತಿದಿ, ಮಾತು ಕ್ಯಾನ್ಸಲ್."

ಒಟ್ಟು ನೂರು ಕಿಲೋಮೀಟರ್, ಮೇಲೊಂದಿಷ್ಟು. ನಾನು ಸೈಕಲ್ ಮುಟ್ಟಿ ಎಂಟು ವರ್ಷವಾಗಿತ್ತು.

ಅಭ್ಯಾಸ ಶುರುವಾಯಿತು. ಡೈರಿಯ ಪ್ರಕಾರ: ಹನ್ನೆರಡು ದಿನ ಅಭ್ಯಾಸ, ಹಲಕುಂದಿಗೆ ಐದು ಸಲ ಹೋಗಿ ಬಂದದ್ದು, ಬಿದ್ದದ್ದು ಮೂರು ಸಲ. (ಅದರಲ್ಲಿ ಎರಡು, ಒಂದೇ ಲೇಡೀಸ್ ಹಾಸ್ಟೆಲಿನ ಮುಂದೆ. ಹಾಸ್ಟೆಲಿನ ತಪ್ಪಲ್ಲ, ರಸ್ತೆಯದು.)

ಭಾನುವಾರ ನಸುಕಿನಲ್ಲಿ ಹೊರಟೆ. ಗದ್ದೆ ಶುರುವಾಗುವ ಹೊತ್ತಿಗೆ ನನ್ನ ದೊಡ್ಡ ಶತ್ರು ಗಾಳಿಯಲ್ಲ, ಬಿಸಿಲಲ್ಲ, ಪ್ರಶ್ನೆ ಎಂದು ಗೊತ್ತಾಯಿತು. ನಿಂತಲ್ಲೆಲ್ಲ ಜನ ಕೇಳಿದರು. ಚಾರಿಟಿ ರೈಡ್ ಎಂದರೆ ಏನೆಂದು ಐದು ಕಡೆ ವಿವರಿಸಿದೆ. ಐದೂ ಕಡೆ ಕೊನೆಗೆ ಬಂದ ಮಾತು ಒಂದೇ: "ಅದೆಲ್ಲಾ ಇರ್ಲಿ, ಹರಕಿ ಯಾವ ದೇವರದು?"

ಆರನೆಯ ಕಡೆ ಒಂದು ಚಹಾದಂಗಡಿ. ಈರಮ್ಮ ಎಂಬ ಅಜ್ಜಿಯದು. ಅವಳು ಕೇಳಿದಾಗ ನನಗೆ ಸಾಕಾಗಿತ್ತು. "ಹೌದಬೇ, ಹರಕಿ" ಅಂದುಬಿಟ್ಟೆ.

ನೋಡಿ, ಒಂದು ಸುಳ್ಳು ಎಷ್ಟು ಕೆಲಸ ಉಳಿಸುತ್ತದೆ! ಚಹಾ ಬಂತು, ಮಂಡಕ್ಕಿ ಬಂತು, ಮೆಣಸಿನಕಾಯಿ ಬಂತು. ದುಡ್ಡು ಮುಟ್ಟಲಿಲ್ಲ. ಹ್ಯಾಂಡಲ್ಲಿಗೆ ವಿಭೂತಿ ಬಳಿದು, "ಹೋಗ್ಬಾ ನನಪ್ಪ, ದಾರಿ ಸಸಾರ ಆಗ್ಲಿ" ಎಂದು ಕಳಿಸಿದಳು. ಮುಂದೆ ಏಳರಿಂದ ಹನ್ನೊಂದನೆಯ ಪ್ರಶ್ನೆಯವರೆಗೂ ನಾನು ಹರಕೆಯವನೇ.

ಸಿರುಗುಪ್ಪದ ಮಿಲ್ಲಿನಲ್ಲಿ ಸಹಿ ಸಿಕ್ಕಿತು. ಊಟವೂ ಸಿಕ್ಕಿತು. ಅಲ್ಲೇ ಎಡವಿದ್ದು, ಅನ್ನ ಎರಡು ಸಲ ಹಾಕಿಸಿಕೊಂಡೆ. ವಾಪಸ್ ಬರುವಾಗ ಹೊಟ್ಟೆ ಒಂದು ಕಡೆ, ಕಾಲು ಒಂದು ಕಡೆ ಎಳೆಯತೊಡಗಿದವು. ಎದುರುಗಾಳಿ ಬೇರೆ. ಮತ್ತೆ ಈರಮ್ಮಜ್ಜಿಯ ಅಂಗಡಿ ಮುಟ್ಟುವಷ್ಟರಲ್ಲಿ ತೊಡೆ ಸೆಟೆದು ಹಿಡಿದುಕೊಂಡಿತ್ತು. ಸೈಕಲ್ಲಿನಿಂದ ಇಳಿಯಲಿಲ್ಲ, ಉದುರಿದೆ.

ಅಂಗಡಿಯ ಮುಂದೆ ಭತ್ತದ ಲಾರಿಯೊಂದು ನಿಂತಿತ್ತು. ಡ್ರೈವರ್ ನನ್ನ ಸ್ಥಿತಿ ನೋಡಿ ಮರುಗಿದ. "ಎಲ್ಲಿಗಿ ಅಣ್ಣಾ? ಕುರುಗೋಡ ಕ್ರಾಸಿಗೆ ಬಿಡ್ತೀನಿ, ಹತ್ರಿ."

ನಾನು ಸುತ್ತ ನೋಡಿದೆ. ಪಂಪಣ್ಣನವರಿಗೆ ಯಾರು ಹೇಳುತ್ತಾರೆ? ಸಹಿ ಜೇಬಿನಲ್ಲಿದೆ. ಕ್ರಾಸಿನಿಂದ ತುಳಿದುಕೊಂಡು ಹೋದರೆ ಬೆವರಿನದ್ದೂ ವ್ಯವಸ್ಥೆಯಾಗುತ್ತದೆ. ಖಾಸಿಂಬಿಗೆ ಗಾಡಿ ಸಿಗುವುದು ಮುಖ್ಯವೋ, ನನ್ನ ತೊಡೆ ಮುಖ್ಯವೋ? ತರ್ಕ ಎಷ್ಟು ಬೇಗ ಹುಟ್ಟಿತೆಂದರೆ, ಅದು ಮುಗಿಯುವಷ್ಟರಲ್ಲಿ ನನ್ನ ಸೈಕಲ್ಲಿನ ಮುಂದಿನ ಗಾಲಿ ಲಾರಿಯ ಮೇಲಿತ್ತು.

"ಏ, ಇಳಸಲೇ!"

ಈರಮ್ಮಜ್ಜಿ ಚಹಾ ಸೋಸುವ ಜರಡಿ ಹಿಡಿದುಕೊಂಡೇ ಹೊರಗೆ ಬಂದಿದ್ದಳು. "ಹರಕಿ ಸೈಕಲ್ ಅದು! ಲಾರಿ ಹತ್ತಸ್ತಿಯೇನು? ನಾಳಿಗಿ ಲೋಡ್ ಪಲ್ಟಿ ಆದ್ರ ಯಾರನ್ನ ಕೇಳ್ತಿ?"

ಡ್ರೈವರ್ ಕಾದ ಹಂಚು ಮುಟ್ಟಿದವನಂತೆ ಕೈ ಬಿಟ್ಟ. ಸೈಕಲ್ ಕೆಳಗಿಳಿಸಿ, ಹ್ಯಾಂಡಲ್ಲಿನ ವಿಭೂತಿ ಮುಟ್ಟಿ ಹಣೆಗೆ ಹಚ್ಚಿಕೊಂಡ. "ಮೊದ್ಲ ಹೇಳ್ಬಾರದಾ ಅಣ್ಣಾ? ನಮ್ಮನ್ಯಾಗ ಸಣ್ಣ ಮಕ್ಕಳದಾವು" ಎಂದು ನನ್ನನ್ನೇ ಬೈದು ಹೋದ.

ಅಜ್ಜಿ ನನ್ನ ಎದುರು ಕೂತಳು. "ಯಾರ ಸಲುವಾಗಿ ಹೊತ್ತಿ?"

"ಕುರುಗೋಡಿನಾಗ ಖಾಸಿಂಬಿ ಅಂತ ಅದಾಳಬೇ. ಆಕಿಗೆ ನಡಿಯಾಕ ಬರಲ್ಲ."

"ನಿನಗ ಏನಾಗ್ಬೇಕು?"

ನಿಜವಾಗಿ ಏನೂ ಆಗಬೇಕಿಲ್ಲ, ಜಂಪರಿನ ಸಂಬಂಧ. "ಅಕ್ಕ ಆಗ್ಬೇಕು" ಅಂದೆ. (ಸುಳ್ಳು ನಂಬರ್ ಎರಡು.)

"ಮತ್ತ ಇಲ್ಲಿ ಯಾಕ ಕುಂತಿ? ತುಳಿ."

ತುಳಿದೆ. ತುಳಿಯುತ್ತ ಯೋಚಿಸಿದೆ. ಹರಕೆಯ ವ್ಯವಹಾರ ಎಷ್ಟು ಸರಳ! ಕೊಡುವವನು ದೇವರು, ಹೊರುವವನು ಭಕ್ತ. ಚಾರಿಟಿ ರೈಡ್ ಹಾಗಲ್ಲ. ಬೇಕಾದವರು ಒಬ್ಬರು, ಕೊಡುವವರು ಇನ್ನೊಬ್ಬರು, ಸೀಟಿನ ಮೇಲೆ ನರಳುವವನು ಮೂರನೆಯವನು. ದೇವರಾದರೂ ಸಹಿ ತಂದು ತೋರಿಸು ಎನ್ನುವುದಿಲ್ಲ.

ಹೊತ್ತು ಮುಳುಗಲು ಇನ್ನೂ ಅರ್ಧ ಗಂಟೆ ಇರುವಾಗ ಕುರುಗೋಡು ಮುಟ್ಟಿದೆ. ಖಾಸಿಂಬಿಯ ಅಂಗಡಿಯ ಮುಂದೆ ಪಂಪಣ್ಣನವರು, ಅವರ ಹಿಂದೆ ಒಂದು ಟೆಂಪೋ, ಟೆಂಪೋದಲ್ಲಿ ಹಗ್ಗ ಬಿಗಿದು ಕಟ್ಟಿದ ಹೊಸ ಮೂರು ಗಾಲಿಯ ಸೈಕಲ್. ಖಾಸಿಂಬಿ ಮಧ್ಯಾಹ್ನದಿಂದ ಆ ಹಗ್ಗವನ್ನೇ ನೋಡುತ್ತ ಹೊಲಿಯುತ್ತಿದ್ದಳಂತೆ. ಆ ದಿನ ಒಂದು ತೋಳು ಉಲ್ಟಾ ಹಚ್ಚಿದ್ದಳು. ಜಂಪರು ನನ್ನ ಅಕ್ಕನದೇ.

"ಮೊದ್ಲ ಸಹಿ ತೋರ್ಸು" ಎಂದರು ಪಂಪಣ್ಣ. ತೋರಿಸಿದೆ. ಹಗ್ಗ ಬಿಚ್ಚಿದರು. ಹಾರ ನನ್ನ ಕೊರಳಿಗೆ ಬಿತ್ತು. ಫೋಟೋ ಆಯಿತು.

ಖಾಸಿಂಬಿಯ ತಮ್ಮ ಅವಳನ್ನು ಎತ್ತಿ ಕೂರಿಸಿದ. ಖಾಸಿಂಬಿ ಹಿಡಿ ತಿರುಗಿಸಿದಳು. ಮೊದಲು ಗೋಡೆಗೆ, ಆಮೇಲೆ ರಸ್ತೆಗೆ. ಓಣಿಯ ಕೊನೆಯವರೆಗೆ ಒಬ್ಬಳೇ ಹೋಗಿ, ತಿರುಗಿಸಿಕೊಂಡು ಒಬ್ಬಳೇ ಬಂದಳು. ಮುಖದ ಮೇಲೆ ಬೆವರು. ನನ್ನ ಬೆವರಿಗಿಂತ ಚೆನ್ನಾಗಿತ್ತು.

ಪಂಪಣ್ಣನವರು ನನ್ನ ಬೆನ್ನಿಗೆ ಗುದ್ದಿ ಜೋರಾಗಿ ನಕ್ಕರು. "ನೋಡವಾ, ಈ ಹುಡುಗ ಗಟ್ಟಿ ಅದಾನ. ಇವ ನಡುವ ಕೈಕೊಟ್ಟಿದ್ರ ಗಾಡೀನ ಹಂಗ ವಾಪಸ್ ಒಯ್ತಿದ್ದೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಖಾಸಿಂಬಿ ನಗುತ್ತಲೇ ಹಿಡಿಯ ಮೇಲಿನ ಕೈ ತೆಗೆಯದೆ ಕೇಳಿದಳು:

"ಸೋತಿದ್ರ ಅಣ್ಣನ ಕಾಲು ಸೋಲ್ತಿದ್ವು, ನನ್ನ ಗಾಡಿ ಯಾಕ ವಾಪಸ್ ಹೋಗ್ಬೇಕಿತ್ತ್ರೀ, ಸಾಹುಕಾರ್ರ?"