ಗೌಡ ಉಂಡ ಬಾಳೆಮೀನು

ಹುಣಸಗಿ ಸಂತೆಯಲ್ಲಿ ದನದ ಮೇವಿನ ಅಂಗಡಿಯೊಂದಿದೆ. ಅದರ ಮುಂದೆ ಹಾಯುವಾಗ ನೆನೆದ ಶೇಂಗಾ ಹಿಂಡಿಯ ವಾಸನೆ ಮೂಗಿಗೆ ಬಡಿಯುತ್ತದೆ. ಸ್ವಲ್ಪ ಹುಳಿ ಹಿಡಿದ, ಎಣ್ಣೆ ಜಿಗುಟಿನ ಆ ವಾಸನೆಗೆ ಉಳಿದವರಿಗೆ ತಮ್ಮ ಮನೆಯ ಎಮ್ಮೆ ನೆನಪಾಗುತ್ತದೇನೋ. ನನಗೆ ಸಿಟ್ಟು ಬರುತ್ತದೆ. ಹಲ್ಲುದುರಿದ ಈ ಬಾಯಲ್ಲಿ, ಎಂದೋ ಸತ್ತು ಮಣ್ಣಾದ ಒಬ್ಬ ಮನುಷ್ಯನನ್ನು ಬೈಯುತ್ತ ಬಸ್ಸಿನ ತನಕ ನಡೆಯುತ್ತೇನೆ. ಜೊತೆಗಿದ್ದ ಮೊಮ್ಮಗಳು "ಯಾರಿಗೆ ಬೈಯಾಕತ್ತೀ ಆಯಿ?" ಎಂದು ನಗುತ್ತಾಳೆ. ನಗಲಿ ಬಿಡಿ, ಅವಳಿಗೆ ಆ ಗೌಡ ಗೊತ್ತಿಲ್ಲ.

ನಮ್ಮ ಮನೆ ಕೃಷ್ಣೆಯ ದಂಡೆಯಲ್ಲಿತ್ತು. ಈಗ ಮನೆಯೂ ಇಲ್ಲ, ದಂಡೆಯೂ ಇಲ್ಲ. ಅಣೆಕಟ್ಟಿನ ನೀರು ಎರಡನ್ನೂ ನುಂಗಿತು. ನೀವೂ ನೀರಿಗೆ ಊರು ಕೊಟ್ಟವರಾದರೆ ನಾನು ಹೆಚ್ಚು ಹೇಳಬೇಕಿಲ್ಲ. ಮಣ್ಣಿನ ಮಾಳಿಗೆ, ಗೋಡೆಗೆ ಒರಗಿಸಿದ ಗಾಳದ ಬಿದಿರು, ಒಲೆಯ ಮೇಲೆ ಸದಾ ಕುದಿಯುವ ಹುಣಸೆ ಹುಳಿ. ಆ ಮನೆಗೆ ಯಜಮಾನಿ ನನ್ನ ಆಯಿ, ಅಪ್ಪನ ತಾಯಿ. ನಮ್ಮವರಲ್ಲಿ ಬಲೆ ಮತ್ತು ಹರಿಗೋಲು ಗಂಡಸರವು, ದಂಡೆಯ ಗಾಳ ಹೆಂಗಸರದು. ಆಯಿ ದಿನಾ ಬೆಳಿಗ್ಗೆ ಹಿಂಡಿಗೆ ಜೋಳದ ನುಚ್ಚು ಕಲೆಸಿ ಉಂಡೆ ಕಟ್ಟಿ, ಮನೆಯ ಕೆಳಗಿನ ಆಳದ ಮಡುವಿಗೆ ಹಾಕುತ್ತಿದ್ದಳು. ಅದಕ್ಕೆ ಮಡು ಉಣಿಸುವುದು ಅನ್ನುತ್ತಿದ್ದೆವು. ಹಿಂಡಿಗೆ ಸಣ್ಣ ಮೀನು ಕೂಡುತ್ತವೆ, ಸಣ್ಣವನ್ನು ನುಂಗಲು ಬಾಳೆಮೀನು ಬರುತ್ತದೆ. ಗಾಳಕ್ಕೆ ಜೀವಂತ ಸಣ್ಣ ಮೀನು ಸಿಕ್ಕಿಸಿ, ದಾರದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು, ಆಯಿ ಎಲೆ ಅಡಿಕೆ ಜಗಿಯುತ್ತ ಕೂತಿರುತ್ತಿದ್ದಳು. ಉಣಿಸಿದವರ ಮಡುವಿನಲ್ಲಿ ಬೇರೆಯವರು ಗಾಳ ಹಾಕಿದರೆ ಹೊಳೆವ್ವ ಮುನಿದು ಅವರ ಮನೆಯವರೊಬ್ಬರನ್ನು ಎಳೆದುಕೊಳ್ಳುತ್ತಾಳೆ ಎಂದು ಊರೆಲ್ಲ ನಂಬಿತ್ತು. ಕಳ್ಳರೂ ಅದರ ಹತ್ತಿರ ಸುಳಿಯುತ್ತಿರಲಿಲ್ಲ.

ಅದು ನಿಜಾಮನ ರಾಜ್ಯದ ಕೊನೆಯ ವರ್ಷ. ಸರ್ಕಾರ ಹುಡುಕುತ್ತಿದ್ದ ಇಬ್ಬರು ನಮ್ಮ ಮಾಳಿಗೆಯ ಮೇಲೆ ಒಂದು ರಾತ್ರಿ ಮಲಗಿದ್ದು, ಅಪ್ಪನ ಹರಿಗೋಲಿನಲ್ಲಿ ನಿಜಾಮನ ಕೈ ಮುಟ್ಟದ ಸೀಮೆಗೆ ದಾಟಿ ಹೋದರು. ಸುದ್ದಿ ಊರ ಗೌಡನ ಕಿವಿಗೆ ಬಿತ್ತು. ನಿಜಾಮನ ಬಂದೂಕಿನವರು ಬಂದಾಗ ಅವನು ಕುದುರೆ ಇಳಿಯಲೂ ಇಲ್ಲ, ಚಾವಟಿಯ ತುದಿಯಿಂದ ನಮ್ಮ ಬಾಗಿಲು ತೋರಿಸಿದ. ಅಪ್ಪ ಉಣ್ಣುತ್ತಿದ್ದ. ಕೈ ತೊಳೆಯಲೂ ಬಿಡಲಿಲ್ಲ. ಎಳೆದುಕೊಂಡು ಹೋದವರ ಜೊತೆ ಗೌಡನೂ ಹೋದ. ಸಂಜೆಗೆ ಗೌಡನೊಬ್ಬನೇ ಊರಿಗೆ ಬಂದ. ಅಪ್ಪನನ್ನು ಕೊಂದು ಹೂತರೆಂದು ಊರೆಲ್ಲ ಪಿಸುಗುಟ್ಟಿತು, ಹೆಣ ಮಾತ್ರ ಸಿಗಲಿಲ್ಲ. ಮಣ್ಣು ಕೊಡದೆ ಅವ್ವ ಬಳೆ ಒಡೆಯಲೊಲ್ಲಳು, ಬಳೆ ಇಟ್ಟುಕೊಂಡರೆ ಊರು ಆಡಿಕೊಳ್ಳದೆ ಬಿಡದು. ಅವಳು ಮುತ್ತೈದೆಯೂ ಅಲ್ಲ, ವಿಧವೆಯೂ ಅಲ್ಲ ಎನ್ನುವಂತೆ ಮನೆಯ ಮೂಲೆ ಹಿಡಿದಳು.

ಆಮೇಲೆ ಭಾರತದ ದಂಡು ಬಂತು, ನಿಜಾಮನ ರಾಜ್ಯ ಮುಗಿಯಿತು. ನಿನ್ನೆಯ ತನಕ ಕುಚ್ಚಿನ ಕೆಂಪು ಟೋಪಿ ಹಾಕುತ್ತಿದ್ದ ಗೌಡ ಬಿಳಿ ಟೋಪಿ ಹಾಕಿಕೊಂಡು ಚಾವಡಿಯಲ್ಲಿ ಬಾವುಟ ಏರಿಸಿ ಬೆಲ್ಲ ಹಂಚಿದ. ಗಾಳಿ ಬಂದಾಗ ತೂರಿಕೊಳ್ಳುವುದನ್ನು ಅವನಿಂದ ಕಲಿಯಬೇಕಿತ್ತು. ಆಯಿ ಎಲ್ಲರೆದುರು ಕೇಳಿದಳು: "ಗೌಡ್ರ, ನನ್ನ ಮಗ ಎಲ್ಲದಾನ್ರಿ?" ಗೌಡ ನಕ್ಕ. "ಹಳೇದೆಲ್ಲ ಯಾಕ ಕೆದಕ್ತಿ ಮುದುಕಿ, ಈಗ ನಮ್ದ ರಾಜ್ಯ ಬಂದೈತಿ. ಬೆಲ್ಲ ತಿನ್ನು." ನನ್ನ ಅಂಗೈಯಲ್ಲಿದ್ದ ಬೆಲ್ಲವನ್ನೂ ಆಯಿ ಕಿತ್ತು ನಾಯಿಗೆ ಒಗೆದಳು. ಬೆಲ್ಲ ಹೋಯಿತಲ್ಲ ಎಂದು ನಾನು ದಾರಿಯುದ್ದಕ್ಕೂ ಅತ್ತೆ.

ಒಂದೆರಡು ವರ್ಷಕ್ಕೆ ಗೌಡ ಹಾಸಿಗೆ ಹಿಡಿದ. ಮೈಯೆಲ್ಲ ಬಾವು, ನೀರೂ ಇಳಿಯದು, ಪ್ರಾಣವೂ ಹೋಗದು. ಸಾಯುವವರ ಬಯಕೆ ತೀರದಿದ್ದರೆ ಜೀವ ಒದ್ದಾಡುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ, ವೈರಿಯಾದರೂ ಬೇಡಿದ್ದನ್ನು ಕೊಡುತ್ತಾರೆ. ಅವನಿಗೆ ಬೇಕಾದದ್ದು ಆಯಿಯ ಮಡುವಿನ ಬಾಳೆಮೀನು. ಬೇರೆ ಕಡೆಯಿಂದ ತರಿಸಿದ್ದನ್ನು ಥೂ ಎಂದು ಉಗಿದನಂತೆ. ಊರನ್ನೇ ಹೆದರಿಸಿ ಬಾಳಿದವನ ಆಳುಗಳೂ ಹೊಳೆವ್ವನಿಗೆ ಹೆದರಿ ಮಡುವಿಗೆ ಇಳಿಯಲಿಲ್ಲ. ಕೊನೆಗೆ ಗೌಡನ ಹೆಂಡತಿಯೇ ನಮ್ಮ ಬಾಗಿಲಿಗೆ ಬಂದಳು.

"ಯವ್ವಾ, ಜೀವ ಬಯಕ್ಯಾಗ ಸಿಕ್ಕೊಂಡೈತಿ. ಒಂದು ಮೀನ ಕೊಡು, ಕೈ ಮುಗಿತೀನಿ."

ಆಯಿ ಹಿಂಡಿ ಕಲೆಸುವುದನ್ನು ನಿಲ್ಲಿಸಲಿಲ್ಲ. "ಕೊಡ್ತೀನ್ರಿ ಅವ್ವಾರ. ನನ್ನ ಮಗನ್ನ ಎಲ್ಲಿ ಹೂಳ್ಯಾರ, ಕೇಳಿಕೊಂಡ ಬರ್ರಿ."

ಗೌಡ ಬಾಯಿ ಬಿಡಲಿಲ್ಲ. ಆಯಿ ದಿನಾ ಮಡು ಉಣಿಸಿ ಬರುತ್ತಿದ್ದಳು, ಗಾಳ ಮಾತ್ರ ಮುಟ್ಟುತ್ತಿರಲಿಲ್ಲ. ಗೌಡನ ದೊಡ್ಡ ಮನೆ, ಆ ವಾಡೆಯಿಂದ ಅವನ ನರಳಾಟ ನಮ್ಮ ಮಾಳಿಗೆಯ ತನಕ ಕೇಳುತ್ತಿತ್ತು. ಅದನ್ನು ಕೇಳುತ್ತ ನಾನು ಮಲಗಿದಷ್ಟು ಸುಖವಾಗಿ ಮತ್ತೆಂದೂ ಮಲಗಿಲ್ಲ. ಮಕ್ಕಳಿಗೆ ಕರುಣೆ ಹೆಚ್ಚು ಅನ್ನುವವರು ನನ್ನಂಥ ಮಕ್ಕಳನ್ನು ನೋಡಿಲ್ಲ.

ಒಂದು ಮಧ್ಯಾಹ್ನ ಅವನ ಹೆಂಡತಿ ಓಡಿ ಬಂದಳು. "ಹೇಳ್ಯಾರವ್ವಾ! ಹಳ್ಳದ ದಂಡಿ, ಜೋಡ ಜಾಲಿ ಗಿಡದ ಬುಡಕ."

ಅವ್ವ ಮೂಲೆಯಿಂದ ಎದ್ದು ಬಂದಳು. "ಅತ್ತಿ, ಮೊದಲ ಅಗದು ನೋಡೂಣು. ಆಮ್ಯಾಲೆ ಮೀನ."

"ಸಾಯೋ ಬಾಯಿ ಸುಳ್ಳಾಡಂಗಿಲ್ಲವ್ವಾ," ಅಂದಳು ಆಯಿ. ನಮ್ಮ ಜನ ದೇವರಿಗಿಂತ ಹೆಚ್ಚು ನಂಬಿದ ಮಾತು ಅದು.

ಗಾಳ ಹಾಕಿದ ಸ್ವಲ್ಪ ಹೊತ್ತಿಗೇ ದಾರ ಜಗ್ಗಿತು. ಎಷ್ಟೋ ದಿನ ಬರಿದೇ ಉಂಡು ಕೊಬ್ಬಿದ ಮೀನು. ಆಯಿ ತಾನೇ ಕೊಯ್ದು, ಗುರೆಳ್ಳು ಹುರಿದು ಅರೆದು, ಹುಣಸೆ ಹಿಂಡಿ ಸಾರು ಮಾಡಿದಳು. ಗಡಿಗೆ ಹೊತ್ತು ವಾಡೆಗೆ ಹೋದಳು, ನಾನು ಸೆರಗು ಹಿಡಿದು ಹೋದೆ. ನೀರೂ ಇಳಿಯದ ಗಂಟಲಲ್ಲಿ ಆ ಸಾರು ಸರಾಗ ಇಳಿಯಿತು. ಮುಳ್ಳು ಚೀಪಿದ, ಮೀಸೆಗಂಟಿದ್ದನ್ನು ನೆಕ್ಕಿದ, ಆಯಿಯ ಮುಖ ಒಮ್ಮೆ ನೋಡಿ ಕಣ್ಣು ಮುಚ್ಚಿಕೊಂಡ.

ಮರುದಿನ ಬೆಳಿಗ್ಗೆ ಹಳ್ಳದ ದಂಡೆಯಲ್ಲಿ ನಾವು ಅಗೆಯುತ್ತಿದ್ದಾಗ ವಾಡೆಯಿಂದ ಅಳು ಕೇಳಿಸಿತು. ಆಯಿ, ಅವ್ವ, ನೆರೆಮನೆಯ ಇಬ್ಬರು ಗಂಡಸರು ಹೊತ್ತು ಮುಳುಗುವ ತನಕ ಅಗೆದರು. ಜಾಲಿಯ ಬೇರುಗಳೆಲ್ಲ ಹೊರಬಿದ್ದವು. ಕೆಳಗೆ ಬಿಳಿ ಸುಣ್ಣಕಲ್ಲು, ಅದರ ಕೆಳಗೆ ಗುದ್ದಲಿ ನಾಟದ ಬಂಡೆ. ಎಂದೂ ಯಾರೂ ಮುಟ್ಟದ ನೆಲ. ಅವ್ವ ಆ ಖಾಲಿ ಕುಣಿಯ ದಂಡೆಯಲ್ಲಿ ಕೂತು ಸುಣ್ಣಕಲ್ಲಿನಿಂದ ತನ್ನ ಬಳೆ ತಾನೇ ಒಡೆದುಕೊಂಡಳು. ನೆರೆಯವರು ಪಾಪ, "ಸಾಯೋ ಮುಂದ ನೆನಪು ತಪ್ಪಿರಬೇಕು ಬಿಡ್ರಿ" ಅಂದರು. ಒಂದು ಮಡುವಿನ ಮೀನಿನ ರುಚಿ ನೆನಪಿಟ್ಟವನಿಗೆ ಒಬ್ಬ ಮನುಷ್ಯನನ್ನು ಹೂತ ಜಾಗ ನೆನಪು ತಪ್ಪುತ್ತದೆಯೇ? ನಾನು ನಂಬುವುದಿಲ್ಲ. ಅವನು ಹೊಟ್ಟೆ ತುಂಬಿಸಿಕೊಂಡು, ನಮಗೆ ಮೋಸ ಮಾಡಿ, ಸುಖವಾಗಿ ಸತ್ತ. ಅವನಿಗೆ ಎಲ್ಲಿಯೂ ನೆಲೆ ಸಿಗದಿರಲಿ.

ಆಯಿ ಮತ್ತೆ ಮಡು ಉಣಿಸಲಿಲ್ಲ, ಮೀನು ತಿನ್ನಲೂ ಇಲ್ಲ. ಬಹಳ ವರ್ಷ ಬದುಕಿದಳು. ಅವಳೂ ಚಾಪೆ ಹಿಡಿದಾಗ ಮನೆ ತುಂಬ ಜನ ಕೂಡಿದರು. ಪದ್ಧತಿಯಂತೆ ಅವ್ವ ಕಿವಿಯ ಹತ್ತಿರ ಬಾಗಿ, "ಅತ್ತಿ, ಏನರ ಬಯಕಿ ಐತೇನು? ಹೋಳಿಗಿ ಮಾಡ್ಲೇನು?" ಎಂದು ಕೇಳಿದಳು.

ಆಯಿ ಕಣ್ಣು ತೆರೆದಳು. ದನಿ ಗಟ್ಟಿಯಾಗಿಯೇ ಇತ್ತು.

"ಆ ಗೌಡ ಉಂಡ ನನ್ನ ಮೀನ ವಾಪಸ್ ತಂದು ಕೊಡ್ರಿ."

ಅವ್ವ ಬಾಯಿಗೆ ಹೊಳೆಯ ನೀರು ಬಿಟ್ಟಳು, ಅದು ಕಟವಾಯಿಯಿಂದ ಹೊರಗೆ ಹರಿಯಿತು. ಬಯಕೆ ತೀರದ ಜೀವ ಬಹಳ ಹೊತ್ತು ಒದ್ದಾಡುತ್ತದೆ ಅನ್ನುತ್ತಾರೆ. ನನ್ನ ಆಯಿ ಬಹಳ ಹೊತ್ತು ಒದ್ದಾಡಿದಳು.