ಸುಸ್ಥಿತಿಯಲ್ಲಿರುವ ಕಡತ

ವಿಷಯ: ನಮ್ಮ ತಂದೆಯವರ ಕಡತದ ಬಗ್ಗೆ. ಕಚೇರಿಯ ಪತ್ರಗಳನ್ನಲ್ಲದೆ ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ಕಾರಣ ಹೀಗೆ ಆರಂಭಿಸುತ್ತಿದ್ದೇನೆ. ತಪ್ಪಿದ್ದಲ್ಲಿ ಓದುಗರು ಮನ್ನಿಸಬೇಕಾಗಿ ಕೋರಿಕೆ.

ತಂದೆಯವರು ಮಾಯಸಂದ್ರದ ಸುತ್ತಿನ ಹಳ್ಳಿಗಳಲ್ಲಿ ಮೂಡಲಪಾಯ ಬಯಲಾಟದ ಭಾಗವತರಾಗಿದ್ದರು. ತಾವು ಕಟ್ಟಿದ ಕೊನೆಯ ಪ್ರಸಂಗದ ಪದಗಳನ್ನು ಕಡತದಲ್ಲಿ, ಅಂದರೆ ಇದ್ದಿಲು ಬಳಿದು ಗಟ್ಟಿಮಾಡಿದ ಮಡಿಸುವ ಬಟ್ಟೆಯ ಪುಸ್ತಕದಲ್ಲಿ, ಬಳಪದಿಂದ ಬರೆದಿಟ್ಟಿದ್ದರು. ಅದು ಆಟಕ್ಕೆ ಬರುವ ಮೊದಲೇ ತೀರಿಕೊಂಡರು. ಕಾಗದಗಳನ್ನೆಲ್ಲ ಗೆದ್ದಲು ತಿಂದು, ಉಳಿದದ್ದು ಸದರಿ ಕಡತವೊಂದೇ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತುರುವೇಕೆರೆಯಲ್ಲಿ ಗುಮಾಸ್ತನಾಗಿದ್ದಾಗ, ಕಲಾವಿದರ ಖಾಸಗಿ ಬರಹಗಳನ್ನು ಸಂಗ್ರಹಿಸಿಡುವ ಬೆಂಗಳೂರಿನ ಸಂಸ್ಥೆಯೊಂದರಿಂದ ಪತ್ರ ಬಂತು. ಕಡತವನ್ನು ಸುಸ್ಥಿತಿಯಲ್ಲಿ ಕಳುಹಿಸಿಕೊಡಬೇಕೆಂದು ಅದರಲ್ಲಿತ್ತು. ಕಡತವು ಸುಸ್ಥಿತಿಯಲ್ಲಿದ್ದು, ವಾರದೊಳಗೆ ಕಳುಹಿಸಲಾಗುವುದೆಂದು ಅಂದೇ ಉತ್ತರಿಸಿದೆ. ಓದು ಬಾರದ ತಾಯಿಯವರಿಗೂ ಪತ್ರವನ್ನು ಓದಿ ಹೇಳಿದೆ. ಸುಸ್ಥಿತಿ ಎಂದರೇನೆಂದು ಕೇಳಿದರು. ಚೆನ್ನಾಗಿರಬೇಕಂತೆ, ಎಂದೆ. ಅಷ್ಟೇ ಹೇಳಿದ್ದು.

ಭಾನುವಾರ ಊರಿಗೆ ಹೋದಾಗ ಕಡತ ಜಗಲಿಯ ಮೇಲೆ ಒಣಗುತ್ತಿತ್ತು. ಹುಣಸೆಬೀಜದ ಅಂಟಿಗೆ ತೆಂಗಿನ ಚಿಪ್ಪಿನ ಇದ್ದಿಲು ಅರೆದು ಸೇರಿಸಿ, ತಾಯಿಯವರು ಎರಡೂ ಬದಿಗೆ ಬಳಿದಿದ್ದರು. ಒಂದು ಪ್ರಸಂಗ ಮುಗಿದು ಇನ್ನೊಂದನ್ನು ಬರೆಯುವ ಮುನ್ನ ತಂದೆಯವರು ಅವರಿಂದ ಇದೇ ಕೆಲಸ ಮಾಡಿಸುತ್ತಿದ್ದರು. ಒಂದಕ್ಷರವೂ ಉಳಿದಿರಲಿಲ್ಲ.

“ಮಾಸೋಗಿತ್ತು ಕಣಪ್ಪ. ದೊಡ್ಡೋರ ಕೈಗೆ ಹೋಗೋದು, ನಿಮ್ಮಪ್ಪನ ಮಾನ ಉಳೀಬೇಕಲ್ಲ. ಈಗ ನೋಡು, ಎಣ್ಣೆ ಸವರಿದ ಎಮ್ಮೆಗರು ಇದ್ದಂಗೈತೆ,” ಎಂದರು.

ಅವರ ಅಂಗೈಗಳು ಮಣಿಕಟ್ಟಿನವರೆಗೆ ಕಪ್ಪಾಗಿದ್ದವು.

“ಚೆನ್ನಾಗೈತೆ ಕಣಮ್ಮ,” ಎಂದೆ.

ಸಂಸ್ಥೆಯಿಂದ ಜ್ಞಾಪನಗಳು ಬರತೊಡಗಿದವು. ಅಕ್ಷರ ಅಳಿಸಿದೆಯೆಂದು ಬರೆದರೆ ಕಾರಣ ತಿಳಿಸಬೇಕು. ಕಾರಣ ತಿಳಿಸಿದರೆ ತಾಯಿಯವರನ್ನು ಹೆಸರಿಸಬೇಕು. ಸುಸ್ಥಿತಿಯಲ್ಲಿದೆಯೆಂದು ನಾನೇ ಸಹಿ ಮಾಡಿದ ಪತ್ರ ಸಂಸ್ಥೆಯವರ ಬಳಿಯಿತ್ತು. ಪ್ರತಿ ಬಾರಿಯೂ “ಪರಿಶೀಲನೆಯಲ್ಲಿದೆ” ಎಂದು ಬರೆದು, ಕಡತವನ್ನು ಕಚೇರಿಯ ಬೀರುವಿನಲ್ಲಿ ಉಳಿದ ಕಡತಗಳ ಅಡಿಯಲ್ಲಿಟ್ಟು ಬೀಗ ಹಾಕಿದೆ. ಬೀರು ತೆರೆದಾಗಲೆಲ್ಲ ಹುಣಸೆಬೀಜದ ವಾಸನೆ ಬರುತ್ತಿತ್ತು.

ಊರಿಗೆ ಹೋದಾಗಲೆಲ್ಲ ತಾಯಿಯವರು ಬೆಂಗಳೂರಿನವರು ಓದಿದರೇ ಎಂದು ವಿಚಾರಿಸುತ್ತಿದ್ದರು. ಓದುತ್ತಿದ್ದಾರೆಂದು ತಿಳಿಸುತ್ತಿದ್ದೆ.

“ಅಂಗಾದ್ರೆ ಒಂದ್ಸಲ ಕರ್ಕಂಡೋಗಪ್ಪ. ಎಲ್ಲಿಟ್ಟವ್ರೋ, ನೋಡ್ಕಂಡ್ ಬತ್ತೀನಿ.”

ರಜೆ ಮಂಜೂರಾಗಿಲ್ಲವೆಂದು ಹೇಳಿದೆ. ನಾನು ರಜೆಯನ್ನು ಕೋರಿಯೇ ಇರಲಿಲ್ಲ.