ಗೊಬ್ಬರ ನಮ್ಮದು, ಹೊಲ ಅವರದು

ನಮ್ಮದು ಪೂಜೆ ಮಾಡಿಸುವ ಮನೆತನ; ಸ್ವಂತ ಹೊಲವಿಲ್ಲ. ಉಮರ್ಗಾದ ಆಚೆ ಒಬ್ಬ ಭಕ್ತ ರೈತನ ಹೊಲವನ್ನು ಪಾಲಿಗೆ ಮಾಡುತ್ತಿದ್ದೆವು; ಬೆಳೆದದ್ದರಲ್ಲಿ ಅರ್ಧ ಅವನಿಗೆ. ಕೊಟ್ಟಾಗ ಅದು ಬರೀ ಗರಸು, ಕಲ್ಲುಮಿಶ್ರಿತ ಬರಡು ಮಣ್ಣು. "ಅಯ್ಯನೋರೆ, ಇದರಾಗ ಏನೂ ಬರಲ್ಲ. ನಿಮಗ ಬೇಕಾದಷ್ಟ್ ವರ್ಷ ಮಾಡ್ಕೋರಿ," ಎಂದಿದ್ದ.

ಆ ಹೊಲಕ್ಕೆ ಗೊಬ್ಬರ ಮಾಡಿದವಳು ನನ್ನ ಹೆಂಡತಿ. ನಮ್ಮ ಒಂದೇ ದೇವಣಿ ತಳಿಯ ಆಕಳ ಸಗಣಿ ಸಾಲದೆ, ಓಣಿಯ ಕೊಟ್ಟಿಗೆಗಳನ್ನು ಬಳಿದು ಬುಟ್ಟಿ ಹೊತ್ತು ತರುತ್ತಿದ್ದಳು. ರಾಶಿ ಮುಗಿಸಿ ಜನ ಸುಡಲೆಂದು ಬಿಟ್ಟ ಸೋಯಾ ಹೊಟ್ಟನ್ನು ನಾನು ತರುತ್ತಿದ್ದೆ. ಒಂದು ಪದರ ಹೊಟ್ಟು, ಒಂದು ಪದರ ಸಗಣಿ, ಮೇಲೆ ನೀರು; ಎದೆಮಟ್ಟ ಏರಿದ ಮೇಲೆ ಮಣ್ಣು ಮೆತ್ತುತ್ತಿದ್ದೆವು. ತಿರುವಿ ಹಾಕುವಾಗ ಹಬೆ ಮುಖಕ್ಕೆ ಹೊಡೆಯುತ್ತಿತ್ತು. ಆಕೆ ಮೊಣಕೈವರೆಗೆ ಕೈ ತೂರಿಸಿ, "ಇನ್ನಾ ಬಿಸಿ ಅದ, ಅವಸರ ಮಾಡಬ್ಯಾಡ್ರಿ," ಎನ್ನುತ್ತಿದ್ದಳು. ಅಯ್ಯನೋರ ಹೆಂಡತಿ ಸಗಣಿ ಹೊರುತ್ತಾಳೆಂದು ಊರು ನಕ್ಕಿತು. ಆಕೆ ತಲೆ ಕೆಡಿಸಿಕೊಳ್ಳಲಿಲ್ಲ; ನಾಚಿದವನು ನಾನು.

ನಾಲ್ಕನೆಯ ವರ್ಷ ಮಣ್ಣು ಕಪ್ಪಾಯಿತು. ತೊಗರಿ ನನ್ನ ತಲೆ ಮೀರಿ ಬೆಳೆಯಿತು. ಸುಗ್ಗಿ ಮುಗಿದ ವಾರವೇ ಹೊಲದ ಮಾಲೀಕ ಮನೆಗೆ ಬಂದು ನನ್ನ ಕಾಲು ಮುಟ್ಟಿ ನಮಸ್ಕರಿಸಿದ.

"ಈ ಸಲ ಹೊಲ ನಾವೇ ಮಾಡ್ತೀವ್ರಿ. ಮಣ್ಣು ಚೊಲೋ ಆಗ್ಯಾದ."

"ಚೊಲೋ ಮಾಡಿದೋರು ಯಾರು?" ಹೆಂಡತಿ ಒಳಗಿಂದಲೇ ಕೇಳಿದಳು.

ಅವನು ನನ್ನನ್ನೇ ನೋಡುತ್ತ, "ಎಲ್ಲಾ ನಿಮ್ಮ ಆಶೀರ್ವಾದರೀ, ಅಯ್ಯನೋರೆ," ಎಂದ.

ಅವನ ಬಳಗದ ಮದುವೆ, ತೊಟ್ಟಿಲು, ಗೃಹಪ್ರವೇಶಗಳಿಂದಲೇ ನಮ್ಮ ಒಲೆ ಉರಿಯುತ್ತಿತ್ತು. "ಆಗಲಿ," ಎಂದೆ.

ಹೊಲದ ಮೂಲೆಯಲ್ಲಿ ನಮ್ಮದೊಂದು ತಿಪ್ಪೆ ಇನ್ನೂ ಮಾಗುತ್ತಿತ್ತು. ಅದನ್ನಾದರೂ ತರೋಣವೆಂದು ಹೆಂಡತಿ ಯಾರದೋ ಗಾಡಿ ಕೇಳಿಕೊಂಡು ಹೋದಳು. ಮಾಲೀಕನ ಮನೆಯವರು ಆಗಲೇ ಟ್ರ್ಯಾಕ್ಟರ್ ತಂದು ಅದನ್ನು ಹೊಲಕ್ಕೆ ಹರಡಿಬಿಟ್ಟಿದ್ದರು. ಬರಿಗೈಲಿ ಬಂದವಳು ಗಾಡಿ ಹಿಂದಿರುಗಿಸಿದಳು. "ಅವನ ಮುಂದ ನಿಮಗ ಒಂದ್ ಮಾತರೇ ಬರಲಿಲ್ಲ," ಎಂದಳು.

ಮುಂದಿನ ಎಳ್ಳಮಾವಾಸ್ಯೆಗೆ ಅದೇ ಹೊಲದ ಪೂಜೆಗೆ ಫೋನ್ ಮಾಡಿ ಕರೆದರು. ಹೋದೆ. ಜೋಳ ದಟ್ಟವಾಗಿ ನಿಂತಿತ್ತು. ಮಂತ್ರ ಹೇಳಿ, ಎಲ್ಲರೊಂದಿಗೆ ಕೂತು ಕಾಳು-ಸೊಪ್ಪಿನ ಭಜ್ಜಿ, ಅಂಬಲಿ ಉಂಡು ಬಂದೆ.

"ಉಂಡ್ರೇನು?" ಹೆಂಡತಿ ಬಾಗಿಲಲ್ಲೇ ಕೇಳಿದಳು.

"ಉಂಡೆ."

"ಗಂಟಲದಾಗ ಇಳೀತಾ?"

ಕೇಳಿದವಳೇ ಆಕಳಿಗೆ ನೀರಿಡಲು ಹಿತ್ತಿಲಿಗೆ ಹೋದಳು.

ಆಮೇಲೆ ಆಕೆ ತಿಪ್ಪೆ ಹಾಕಲಿಲ್ಲ. ಸಗಣಿಯನ್ನೆಲ್ಲ ಕುಳ್ಳು ತಟ್ಟಿ ಒಲೆಗಿಡುತ್ತಾಳೆ.